ಬರಿಯ ಅಡಿಗಲ್ಲಿನ ಪೆಟ್ಟು

“ಅಜ್ಜಾರ, ಒಬ್ಬ ಮನುಷ್ಯಾ ಯಾಕ ಹಂಗಾದ ಅಂತ ಬುಡದಿಂದ ತಿಳಕೊಂಡ ಮ್ಯಾಲ, ಅವ ಮಾಡಿದ್ದು ತಪ್ಪಾಗಿ ಉಳೀತೈತೇನ್ರಿ?”

ಕೇಳಿದವನು ಶಿಷ್ಯ ಅಡಿವೆಪ್ಪ. ಕೇಳಿದ್ದು ತನ್ನ ಗುರು ಗದಿಗೆಯ್ಯಜ್ಜನವರನ್ನು. ಅಜ್ಜನವರು ಮಠದ ಪಡಸಾಲೆಯಲ್ಲಿ ಕುಳಿತು, ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಉತ್ತರವನ್ನು ಮೊದಲೇ ಉಡಿಯಲ್ಲಿ ಕಟ್ಟಿಕೊಂಡು ಪ್ರಶ್ನೆ ಕೇಳಲು ಬರುವವರನ್ನು ಅವರು ದನಿಯಿಂದಲೇ ಗುರುತಿಸುತ್ತಿದ್ದರು.

ಅಡಿವೆಪ್ಪ ಆ ಮಠಕ್ಕೆ ಬಂದು ಎಂಟು ವರ್ಷವಾಗಿತ್ತು. ಅಡುಗೆ ಮಾಡುತ್ತಿದ್ದ, ಸಂಜೆ ಪುರಾಣ ಓದುತ್ತಿದ್ದ, ಬಂದವರ ಗೋಳು ಕೇಳುತ್ತಿದ್ದ. ಗೋಳು ಕೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎದುರಿನವರು ಒಂದು ಹನಿ ಹಾಕಿದರೆ ಇವನು ನಾಲ್ಕು ಹಾಕುತ್ತಿದ್ದ. ಅಡಿವೆಪ್ಪನದು ಬೆಣ್ಣೆಯಂಥ ಮನಸ್ಸು ಎಂದು ಸುತ್ತಲಿನ ಊರವರು ಹೇಳಿ ಹೇಳಿ ಅವನನ್ನು ಕೆಡಿಸಿಟ್ಟಿದ್ದರು. ಎಂಟು ವರ್ಷದಲ್ಲಿ ತನಗೆ ಕೈಹತ್ತಿದ್ದು ಏನಾದರೂ ಇದ್ದರೆ ಅದು ಈ ಕರುಣೆ ಎಂದು ಅವನೂ ನಂಬಿಕೊಂಡಿದ್ದ.

ಇವತ್ತಿನ ಪ್ರಶ್ನೆ ಪುರಾಣದೊಳಗಿನದಲ್ಲ, ಮನೆಯದು. ಮೂರು ದಿನದ ಹಿಂದೆ ಅವನ ಅಕ್ಕ ಕಾಶವ್ವ ನಡೆದುಕೊಂಡೇ ಮಠಕ್ಕೆ ಬಂದಿದ್ದಳು. ಎಡಗೈ ಮಣಿಕಟ್ಟಿನ ಹತ್ತಿರ ಮುರಿದು ಬಾತುಕೊಂಡಿತ್ತು. ಅಡಿವೆಪ್ಪ ಅವಳಿಗೆ ಮಜ್ಜಿಗೆ ಕೊಟ್ಟ. ಎಲುಬು ಕೂಡಿಸುವವನನ್ನು ಕರೆಸಿ ಬಿದಿರಿನ ಪಟ್ಟಿ ಕಟ್ಟಿಸಿದ. ಇನ್ನೊಂದು ಪೆಟ್ಟು ಬಿದ್ದರೆ ಈ ಕೈ ಮತ್ತೆ ಕೂಡುವುದಿಲ್ಲ ಎಂದು ಅವನು ಹೇಳಿ ಹೋದ. ಅಡುಗೆಮನೆಯ ಮೂಲೆಯಲ್ಲಿ ಅಕ್ಕನಿಗೆ ಕೌದಿ ಹಾಸಿಕೊಟ್ಟದ್ದಾಯಿತು, ಎರಡು ಹೊತ್ತು ಗಂಜಿ ಕಾಸಿ ಕೊಟ್ಟದ್ದಾಯಿತು. ಕೈ ಹೇಗೆ ಮುರಿಯಿತು ಎಂದು ಮಾತ್ರ ಅವನು ಕೇಳಲಿಲ್ಲ. ಗೊತ್ತಿರುವುದನ್ನು ಏನು ಕೇಳುವುದು ಎಂದುಕೊಂಡ. ನಿಜ ಹೇಳಬೇಕೆಂದರೆ, ಅವಳು ಬಾಯಿ ಬಿಟ್ಟರೆ ತಾನು ಏನಾದರೂ ಮಾಡಬೇಕಾದೀತು ಎಂಬ ಅಂಜಿಕೆ ಅವನಿಗಿತ್ತು.

ಇವತ್ತು ಮುಂಜಾನೆ ಅವಳ ಗಂಡ ಯಮನಪ್ಪ ಬಂದ. ಒಳಗೆ ಕಾಲಿಡಲಿಲ್ಲ. ಜಗಲಿಯ ಮೇಲೆ ಕುಳಿತ. ಅಡಿವೆಪ್ಪ ಚೆನ್ನಾಗಿ ಬೈಯಬೇಕೆಂದೇ ಹೊರಗೆ ಹೋಗಿದ್ದ. ಅವನು ಬಾಯಿ ತೆರೆಯುವ ಮೊದಲೇ ಯಮನಪ್ಪ ಅಂಗಿ ಬಿಚ್ಚಿ ಬೆನ್ನು ತೋರಿಸಿದ.

ತಾಯಿ ಸತ್ತಾಗ ಅವನಿಗೆ ಐದು ವರ್ಷವಂತೆ. ಸಾಕಿದ್ದು ಕಾಕಾ. ಆ ಕಾಕಾ ಅವನನ್ನು ಎತ್ತಿನ ಗೂಟಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಯುತ್ತಿದ್ದನಂತೆ. ಎರಡೆರಡು ದಿನ ಕೂಳು ಹಾಕುತ್ತಿರಲಿಲ್ಲವಂತೆ. ಹಸಿವು ತಾಳದೆ ಎತ್ತಿಗಿಟ್ಟ ಹಿಂಡಿ ತಿಂದರೆ, ಕದ್ದು ತಿಂದೆ ಎಂದು ಮತ್ತೆ ಹೊಡೆತವಂತೆ. ಬೆನ್ನಿನ ತುಂಬ ಬಾಸುಂಡೆಯ ಹಳೆಯ ಗುರುತುಗಳಿದ್ದವು, ಸುಳ್ಳಲ್ಲ. “ನನಗ ತಿಳೀದಂಗ ಕೈ ಏಳತೈತಿ, ಅಡಿವೆಪ್ಪಾ. ಅದು ನನ್ನ ಕೈಯಲ್ಲ, ನಮ್ಮ ಕಾಕಾನ ಕೈ” ಎಂದು ಯಮನಪ್ಪ ಅತ್ತ. ಅದೂ ಸುಳ್ಳು ಅಳುವಾಗಿರಲಿಲ್ಲ.

ಅಡಿವೆಪ್ಪ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೇಳಿದ. ತಾನೂ ಅತ್ತ. ಕೊನೆಗೆ ಅವನ ಎರಡೂ ಕೈ ಹಿಡಿದು, “ನಾಲ್ಕರ ಬಸ್ಸಿಗೆ ಅಕ್ಕನ್ನ ನಿನ್ನ ಸಂಗಾಟ ಕಳಸ್ತೀನಿ, ಮಾವ” ಎಂದು ಮಾತು ಕೊಟ್ಟುಬಿಟ್ಟ. ಆಮೇಲೆ ಅಡುಗೆಮನೆಗೆ ಹೋಗಿ, “ಗಂಟು ಕಟ್ಟಿಕೊ ಅಕ್ಕಾ” ಎಂದ. ಕಾಶವ್ವ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಇದ್ದ ಒಂದು ಸೀರೆಯನ್ನು ಹಾಸಿ, ಒಂದು ತುದಿಯನ್ನು ಒಂದೇ ಕೈಯಿಂದ ಹಿಡಿದು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಂಟು ಕಟ್ಟತೊಡಗಿದಳು.

ಆ ನೋಟ ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಸರಿ ಎಂದು ಯಾರಾದರೂ ಹೇಳಿದರೆ ಎದೆ ಹಗುರಾದೀತು ಎಂದು ಪಡಸಾಲೆಗೆ ಬಂದಿದ್ದ. ಆಗ ಗಂಟೆ ಮೂರು ದಾಟಿತ್ತು.

ಅಜ್ಜನವರು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

“ಕುಂದ್ರು” ಎಂದರು.

ಅಡಿವೆಪ್ಪ ಕುಳಿತ. ಪಡಸಾಲೆಯ ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ಜಗಲಿ. ಎರಡು ಕಡೆಯ ಬಾಗಿಲೂ ತೆರೆದಿದ್ದವು. ಅಜ್ಜನವರು ದನಿಯನ್ನು ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ಅವರು ಹೇಳಿದ ಕತೆ ಇದು.

ಒಬ್ಬ ಕಮ್ಮಾರನಿದ್ದ. ಅವನಿಗೆ ಊರು ಎಂಬುದಿರಲಿಲ್ಲ. ಗಾಳಿ ಊದುವ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು, ಸುತ್ತಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೆಂಡತಿಯ ಜೊತೆ ತಿರುಗುತ್ತಿದ್ದ. ಮರದ ನೆರಳು ಕಂಡಲ್ಲಿ ನೆಲ ತೋಡಿ ಕುಲುಮೆ ಹೂಡುತ್ತಿದ್ದ. ಕುಡುಗೋಲು, ಕೊಡಲಿ, ನೇಗಿಲ ಕುಳ, ಯಾರು ಏನು ತಂದರೂ ಬಡಿದು ಕೊಡುತ್ತಿದ್ದ.

ಆ ಕೆಲಸಕ್ಕೆ ಇಬ್ಬರು ಬೇಕು. ಗಂಡ ಕುಳಿತು ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿಯುತ್ತಾನೆ. ಅವನ ಬಲಗೈಯಲ್ಲಿ ಸಣ್ಣ ಸುತ್ತಿಗೆ. ಹೆಂಡತಿ ಎದುರಿಗೆ ನಿಂತು ದೊಡ್ಡ ಸಮ್ಮಟಿಗೆ ಎತ್ತುತ್ತಾಳೆ. ಸಣ್ಣ ಸುತ್ತಿಗೆ ಮುಟ್ಟಿದ ಜಾಗಕ್ಕೇ ಸಮ್ಮಟಿಗೆ ಬೀಳಬೇಕು, ಮುಟ್ಟಿದಷ್ಟೇ ಸಲ ಬೀಳಬೇಕು. ಬಲವೆಲ್ಲ ಅವಳದು, ಆದರೆ ಎಲ್ಲಿ ಹೊಡೆಯಬೇಕೆಂದು ಹೇಳುವವನು ಅವನು. ಕಬ್ಬಿಣ ಎಷ್ಟು ಕಾದಿದೆ ಎಂದು ಬಣ್ಣ ನೋಡುವವನು ಇಕ್ಕಳ ಹಿಡಿದವನು, ಸಮ್ಮಟಿಗೆ ಹಿಡಿದವರು ಎದುರು ಪ್ರಶ್ನೆ ಕೇಳಬಾರದು ಎಂಬುದು ಆ ಕಸುಬಿನ ಮೊದಲ ಪಾಠ.

ಇನ್ನೊಂದು ಪದ್ಧತಿಯಿತ್ತು. ಸಾಕು ಎನ್ನಬೇಕಾದಾಗ ಅವನು ಬಾಯಿ ತೆರೆಯುವುದಿಲ್ಲ. ಸಣ್ಣ ಸುತ್ತಿಗೆಯಿಂದ ಬರಿಯ ಅಡಿಗಲ್ಲಿಗೆ ಒಂದು ಪೆಟ್ಟು ಹಾಕುತ್ತಾನೆ. ಕಬ್ಬಿಣದ ಮೇಲೆ ಬಿದ್ದ ಪೆಟ್ಟಿನ ಸಪ್ಪಳ ಬೇರೆ, ಬರಿಯ ಅಡಿಗಲ್ಲಿನ ಸಪ್ಪಳ ಬೇರೆ. ಅದು ಕಿವಿಗೆ ಬಿದ್ದರೆ ಎತ್ತಿದ ಸಮ್ಮಟಿಗೆ ಎತ್ತಿದಲ್ಲೇ ನಿಲ್ಲಬೇಕು, ತಿದಿ ಒತ್ತುವವರು ಕೈ ಬಿಡಬೇಕು. ಯಾಕೆ ಎಂದು ಯೋಚಿಸುತ್ತ ಕೂತರೆ ಯಾರದಾದರೂ ಬೆರಳು ಹೋಗುತ್ತದೆ. ಆದ್ದರಿಂದ ಕಮ್ಮಾರರ ಮಕ್ಕಳಿಗೆ ನಡಿಗೆ ಬರುವ ಹೊತ್ತಿಗೆ ಇದೂ ಬಂದಿರುತ್ತದೆ. ಆ ಪೆಟ್ಟು ಹಾಕುವ ಅಧಿಕಾರ ಮಾತ್ರ ಇಕ್ಕಳ ಹಿಡಿದವನದು, ಮತ್ತೆ ಯಾರದೂ ಅಲ್ಲ.

ಈ ಇಬ್ಬರ ಕೆಲಸ ನೋಡಲು ಊರಿನ ಜನ ನಿಲ್ಲುತ್ತಿದ್ದರು. ಅವನ ಸುತ್ತಿಗೆ ಮುಟ್ಟಿ ಏಳುವುದರೊಳಗೆ ಅವಳದು ಬಿದ್ದಿರುತ್ತಿತ್ತು. ಇಂಥ ಜೋಡಿ ಸಿಗುವುದಿಲ್ಲ ಎನ್ನುತ್ತಿದ್ದರು.

ಅವಳ ಕೈಗಳ ಮೇಲೆ ಸುಟ್ಟ ಬರೆಗಳಿದ್ದವು. ಕಿಡಿ ಸಿಡಿದು ಆದವಲ್ಲ. ಕಿಡಿ ಹಾರಿದರೆ ಚುಕ್ಕೆಯಾಗುತ್ತದೆ, ಇವು ಉದ್ದ ಗೆರೆಗಳು. ಕಬ್ಬಿಣ ಕೆಟ್ಟರೆ, ಪೆಟ್ಟು ಒಂದು ಎಳೆ ಆಚೆ ಬಿದ್ದರೆ, ಅವನು ಬಿಸಿ ಸಲಾಕೆಯ ತುದಿಯನ್ನು ಅವಳ ಕೈಗೆ ಮುಟ್ಟಿಸುತ್ತಿದ್ದ. ದಿನವೂ ಅಲ್ಲ. ಒಮ್ಮೊಮ್ಮೆ ಎರಡು ತಿಂಗಳು ಏನೂ ಇರುತ್ತಿರಲಿಲ್ಲ. ಆಮೇಲೆ ಒಂದು ದಿನ ಇರುತ್ತಿತ್ತು. ಮುಟ್ಟಿಸಿದ ಮೇಲೆ ಅವನೇ ಎಣ್ಣೆ ತರುತ್ತಿದ್ದ.

ಅವನ ಕೈ ಮೇಲೆಯೂ ಗೆರೆಗಳಿದ್ದವು. ಅವಳಿಗಿಂತ ಹೆಚ್ಚು. ಅವನ ಅಪ್ಪ ಅವನಿಗೆ ಕಸುಬು ಕಲಿಸಿದ್ದೇ ಹಾಗೆ, ತಪ್ಪಿಗೊಂದು ಬರೆ. ಮದುವೆಯಾದ ಹೊಸದರಲ್ಲಿ ಅವನು ಒಂದೊಂದನ್ನೂ ತೋರಿಸಿ ಅವಳಿಗೆ ಹೇಳಿದ್ದ. ಇದು ಇದ್ದಿಲಿನ ಬೆಂಕಿ ಆರಲು ಬಿಟ್ಟದ್ದಕ್ಕೆ. ಇದು ಇನ್ನೊಂದು ರೊಟ್ಟಿ ಕೇಳಿದ್ದಕ್ಕೆ. ಮೊಣಕೈ ಹತ್ತಿರದ್ದು ಅವ್ವ ಸತ್ತ ದಿನ ಅತ್ತದ್ದಕ್ಕೆ. ಅವಳು ಒಂದೊಂದಕ್ಕೂ ಅತ್ತಿದ್ದಳು. ಅವನನ್ನು ಅವಳಷ್ಟು ಬಲ್ಲವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಹೊಸ ಬರೆ ಬಿದ್ದಾಗಲೆಲ್ಲ ಅವಳು ಕಣ್ಣು ಮುಚ್ಚಿ ಅವನ ಒಂದು ಹಳೆಯ ಬರೆಯನ್ನು ನೆನೆಯುತ್ತಿದ್ದಳು. ಸಿಟ್ಟು ಇಳಿದುಹೋಗುತ್ತಿತ್ತು. ಕುಲುಮೆಯಲ್ಲಿ ಕಲಿತ ಪಾಠವನ್ನು ಅವಳು ಬಾಳುವೆಗೂ ಹಚ್ಚಿಕೊಂಡಿದ್ದಳು. ಅವನ ನೋವು ತೋರಿಸಿದ ಜಾಗದಲ್ಲಿ ಅವಳ ಮನಸ್ಸು ಬೀಳುತ್ತಿತ್ತು.

ಒಂದು ಊರಿನಲ್ಲಿ ಕುಡುಗೋಲು ಹಣಿಸಿ ಹರಿತ ಮಾಡಿಸಲು ಒಬ್ಬ ಮುದುಕಿ ಬಂದಳು. ಸಮ್ಮಟಿಗೆ ಎತ್ತಿದ ಕೈಯನ್ನು ನೋಡಿದಳು. ಕಮ್ಮಾರ ಇದ್ದಿಲು ತರಲು ಹೋದ ಹೊತ್ತು ನೋಡಿ, “ಇದೇನವ್ವಾ ಕೈಮ್ಯಾಲ?” ಎಂದಳು.

ಹೆಂಡತಿ ಹೇಳಲು ಬಾಯಿ ತೆರೆದಳು. ಬಂದದ್ದು ಗಂಡನ ಕತೆ. ಅಪ್ಪ, ಇದ್ದಿಲು, ರೊಟ್ಟಿ, ಸತ್ತ ಅವ್ವ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ಎರಡು ರೊಟ್ಟಿ, ಶೇಂಗಾ ಚಟ್ನಿ ತಂದು ಕಮ್ಮಾರನ ಮುಂದಿಟ್ಟು, “ತಿನ್ನಪಾ, ಭಾಳ ಕಷ್ಟ ಸೋಸಿದಿ” ಎಂದು ತಲೆ ಸವರಿ ಹೋದಳು. ಮುದುಕಿ ಕೇಳಿದ್ದು ಇವಳ ಕೈಯ ಬಗ್ಗೆ. ಉಂಡವನು ಅವನು. ಹೋಗುವಾಗ ಮುದುಕಿಗೆ ಆ ಕೈಯ ನೆನಪೂ ಇರಲಿಲ್ಲ.

ಮುಂದಿನ ಊರಲ್ಲೂ ಹೀಗೇ ಆಯಿತು. ಅದರ ಮುಂದಿನ ಊರಲ್ಲೂ ಆಯಿತು. ಕಮ್ಮಾರನ ಚಿಕ್ಕಂದಿನ ಕಷ್ಟ ಗಾಡಿಗಿಂತ ಮುಂದೆ ಹೋಗಿ ಊರು ಮುಟ್ಟುತ್ತಿತ್ತು. ಅವಳ ಕೈಗೆ ಏನಾಗಿದೆ ಎಂಬುದು ಯಾವ ಊರಿಗೂ ಗೊತ್ತಾಗಲಿಲ್ಲ.

ಇಲ್ಲಿಗೆ ಬಂದಾಗ ಜಗಲಿಯಲ್ಲಿ ಯಮನಪ್ಪ ಕೆಮ್ಮಿದ. “ಅಡಿವೆಪ್ಪಾ, ಹೊತ್ತಾಗಾಕತ್ತೈತಿ” ಎಂದ. ಅಡಿವೆಪ್ಪ ಏಳಲು ಹೋದ. ಅಜ್ಜನವರು ಅವನತ್ತ ನೋಡಲೂ ಇಲ್ಲ, ಮೊರವನ್ನು ಒಮ್ಮೆ ಕೊಡವಿ ಮುಂದುವರಿಸಿದರು. ಕತೆಯ ನಡುವೆ ಎದ್ದು ಹೋಗುವ ಧೈರ್ಯ ಎಂಟು ವರ್ಷದಲ್ಲಿ ಅಡಿವೆಪ್ಪನಿಗೆ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಗಂಟು ಬಿಗಿಯುವ ಸಪ್ಪಳ ನಿಂತಿದ್ದು ಅವನಿಗೆ ಆಗ ಗಮನಕ್ಕೆ ಬಂತು.

ಆ ಗಂಡ ಹೆಂಡತಿಗೆ ಒಬ್ಬಳು ಮಗಳು ಹುಟ್ಟಿದಳು. ಅವಳನ್ನು ಮಲಗಿಸುವಾಗ ತಾಯಿ ಕತೆ ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕತೆ. ಅಪ್ಪನನ್ನು ಕಂಡರೆ ಮಗು ಹೆದರಬಾರದು, ಅಪ್ಪನ ಮೇಲೆ ಮುನಿಯಬಾರದು ಎಂದು ಆ ಕತೆಯನ್ನೇ ಮತ್ತೆ ಮತ್ತೆ ಹೇಳಿದಳು. ನಿಮ್ಮಪ್ಪ ಸಣ್ಣವನಿದ್ದಾಗ ಹೀಗಾಯಿತು, ಪಾಪ, ಅದಕ್ಕೇ ಅವನು ಹೀಗೆ. ಮಗು ಹೂಂಗುಟ್ಟುತ್ತ ನಿದ್ದೆ ಹೋಗುತ್ತಿತ್ತು.

ಎಂಟು ವರ್ಷಕ್ಕೆ ಮಗಳನ್ನು ತಿದಿಯ ಮುಂದೆ ಕೂಡಿಸಿದರು. ಒಂದು ಮಧ್ಯಾಹ್ನ ಒಬ್ಬ ರೈತ ನೇಗಿಲ ಕುಳ ತಂದು, ಬೇಗ ಬೇಕು, ಹೊಲದಲ್ಲಿ ಎತ್ತು ನಿಂತಿವೆ ಎಂದು ಅವಸರ ಮಾಡಿದ. ಕಮ್ಮಾರ ಕುಳವನ್ನು ಬೆಂಕಿಗೆ ಇಟ್ಟ. ಮಗಳು ತಿದಿ ಒತ್ತುತ್ತಿದ್ದಳು. ಬಿಸಿಲಿಗೆ ಅವಳಿಗೆ ಜೊಂಪು ಹತ್ತಿತು, ಕೈ ಸಡಿಲಾಯಿತು, ಬೆಂಕಿ ಕುಂದಿತು. ಸಾಕಷ್ಟು ಕಾಯದ ಕಬ್ಬಿಣವನ್ನು ಅವನು ಗಮನಿಸದೆ ಅಡಿಗಲ್ಲಿಗೆ ತಂದ. ಸಣ್ಣ ಸುತ್ತಿಗೆ ಮುಟ್ಟಿತು, ಸಮ್ಮಟಿಗೆ ಬಿತ್ತು. ಕುಳ ತುದಿಯಿಂದ ನಡುವಿನವರೆಗೆ ಬಿರುಕು ಬಿಟ್ಟಿತು.

ಕಮ್ಮಾರ ಕುಳವನ್ನು ನೋಡಿದ. ಬೆಂಕಿಯನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ಬೈಯಲಿಲ್ಲ. ಕುಳವನ್ನು ಕೆಳಗೆ ಹಾಕಿ, ಕುಲುಮೆಯೊಳಗಿದ್ದ ಸಲಾಕೆಯನ್ನು ಇಕ್ಕಳದಿಂದ ಎಳೆದುಕೊಂಡು, ಮೆಲ್ಲಗೆ, “ಕೈ ಚಾಚು” ಎಂದ.

ರೈತ ಮುಖವನ್ನು ಆ ಕಡೆ ತಿರುಗಿಸಿದ. ಕಂಡವರ ಮನೆಯ ವಿಷಯ ನಮಗ್ಯಾಕೆ ಎಂದು ಮುಖ ತಿರುಗಿಸುವವರು ಯಾವ ಊರಿಗೂ ಕಡಿಮೆಯಿಲ್ಲ.

ತಾಯಿ ಸಮ್ಮಟಿಗೆ ಹಿಡಿದು ನಿಂತಿದ್ದಳು. ಮಗಳು ಓಡುತ್ತಾಳೆ, ಚೀರುತ್ತಾಳೆ, ತನ್ನ ಹಿಂದೆ ಬಂದು ಬಚ್ಚಿಟ್ಟುಕೊಳ್ಳುತ್ತಾಳೆ ಎಂದುಕೊಂಡಳು. ಮಗಳು ಅದೇನನ್ನೂ ಮಾಡಲಿಲ್ಲ. ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಅವ್ವನ ಮುಖ ನೋಡಿ, ಸಮಾಧಾನ ಮಾಡುವವಳ ಹಾಗೆ, “ನೀ ಅಳಬ್ಯಾಡ ಅವ್ವಾ. ಅಪ್ಪಗೂ ಹಿಂಗ ಮಾಡಿದ್ರು” ಎಂದಳು.

ತಾಯಿಗೆ ಆಗ ತಿಳಿಯಿತು. ಅಪ್ಪನನ್ನು ಅರ್ಥಮಾಡಿಕೊಳ್ಳಲಿ ಎಂದು ತಾನು ಹೇಳಿದ ಕತೆ ಮಗಳಿಗೆ ಕೈ ಚಾಚುವುದನ್ನು ಕಲಿಸಿತ್ತು. ಸಲಾಕೆ ಅವನ ಕೈಯಲ್ಲಿತ್ತು, ನಿಜ. ಮಗುವನ್ನು ಅದರ ಮುಂದೆ ತಂದು ನಿಲ್ಲಿಸಿದ್ದರಲ್ಲಿ ತನ್ನ ಕರುಣೆಯ ಪಾಲೂ ಇದೆ ಎಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷದಲ್ಲಿ ಅವಳಿಗೆ ತನ್ನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಸಲಾಕೆ ಮಗುವಿನ ಕೈಯಿಂದ ಒಂದು ಗೇಣು ದೂರವಿತ್ತು. ಆಮೇಲೆ ನಾಲ್ಕು ಬೆರಳು.

ಅವಳು ಸಮ್ಮಟಿಗೆ ಎತ್ತಿದಳು. ಸಣ್ಣ ಸುತ್ತಿಗೆ ಯಾವ ಜಾಗವನ್ನೂ ತೋರಿಸಿರಲಿಲ್ಲ. ಅಡಿಗಲ್ಲಿನ ಮೇಲೆ ಕಬ್ಬಿಣವಿರಲಿಲ್ಲ. ಅವಳು ಬರಿಯ ಅಡಿಗಲ್ಲಿಗೆ ತನ್ನ ಪೂರಾ ಬಲದಿಂದ ಒಂದು ಪೆಟ್ಟು ಹಾಕಿದಳು.

ಆ ಸಪ್ಪಳಕ್ಕೆ ಅವನ ಕೈ ನಿಂತಿತು. ಅವನು ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು. ನಡಿಗೆ ಕಲಿಯುವಾಗ ಕಲಿತದ್ದು ಅದು. ಬರಿಯ ಅಡಿಗಲ್ಲು ಕೂಗಿದರೆ ಕೈ ನಿಲ್ಲಬೇಕು. ಸಲಾಕೆ ಗಾಳಿಯಲ್ಲಿ ಹಾಗೇ ಉಳಿಯಿತು. ತನಗೆ ತಿಳಿಯದೆ ಏಳುವ ಕೈ ತನಗೆ ತಿಳಿಯದೆ ನಿಲ್ಲಲೂ ಬಲ್ಲುದು ಎಂದು ಆ ಮನುಷ್ಯನಿಗೆ ಆವತ್ತಿನವರೆಗೆ ಯಾರೂ ತೋರಿಸಿರಲಿಲ್ಲ.

ಅವನು ಹೆಂಡತಿಯನ್ನು ನೋಡಿದ. ಮುಖದಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಾಗಿತ್ತು. “ನಿನಗ ನನ್ನ ಕತಿ ಎಲ್ಲಾ ಗೊತ್ತೈತಿ. ಗೊತ್ತಿದ್ದೂ ನೀ ಹಿಂಗ ಮಾಡ್ತಿ?” ಎಂದ.

“ಗೊತ್ತೈತಿ, ಅದಕ್ಕ ಮಾಡಿದೆ” ಎಂದಳು ಅವಳು. “ನಿಮ್ಮಪ್ಪ ನಿನ್ನ ಕೈ ಹಿಡದಾಗ ಅಡಿಗಲ್ಲು ಬಡಿಯೋರು ಯಾರೂ ಇರಲಿಲ್ಲ.”

ಅವಳು ಸಮ್ಮಟಿಗೆಯನ್ನು ಕೆಳಗಿಡಲಿಲ್ಲ. ಅದನ್ನು ಹೆಗಲಿಗೇರಿಸಿಕೊಂಡಳು. ಇನ್ನೊಂದು ಕೈಯಿಂದ ಮಗಳ ಚಾಚಿದ ಕೈಯನ್ನು ಹಿಡಿದುಕೊಂಡಳು. ರೈತನ ಮುಂದೆ ನಿಂತು, “ಯಣ್ಣಾ, ನಿಮ್ಮ ಊರಿನ ದಾರಿ ಯಾವುದು?” ಎಂದಳು. ರೈತನಿಗೆ ಆಗ ಮುಖ ತಿರುಗಿಸಲು ಇನ್ನೊಂದು ಕಡೆ ಉಳಿದಿರಲಿಲ್ಲ. ಎದ್ದು ಮುಂದೆ ನಡೆದ. ಅವರಿಬ್ಬರೂ ಹಿಂದೆ ನಡೆದರು.

ಅವಳು ಆ ಊರಿನಲ್ಲೇ ನಿಂತಳು. ಮೊದಲ ವರ್ಷ ಕಷ್ಟವಾಯಿತು. ಹೆಂಗಸು ಇಕ್ಕಳ ಹಿಡಿಯುವುದುಂಟೇ ಎಂದು ಜನ ನಕ್ಕರು. ಕುಡುಗೋಲು ಮೊಂಡಾದ ಮೇಲೆ ನಗುವುದನ್ನು ಬಿಟ್ಟು ಅವಳ ಹತ್ತಿರವೇ ತಂದರು. ಅವಳು ಇಕ್ಕಳ ಹಿಡಿದಳು. ಮಗಳು ಬೆಳೆದು ಸಮ್ಮಟಿಗೆ ಎತ್ತಿದಳು. ಆ ಕುಲುಮೆಯಲ್ಲಿ ಬೇರೆಲ್ಲ ಪದ್ಧತಿ ಹಳೆಯದೇ ಇತ್ತು. ಒಂದನ್ನು ಮಾತ್ರ ಅವಳು ಬದಲಿಸಿದಳು. ಬರಿಯ ಅಡಿಗಲ್ಲಿಗೆ ಪೆಟ್ಟು ಹಾಕುವ ಅಧಿಕಾರ ಅಲ್ಲಿ ಎಲ್ಲರಿಗೂ ಇತ್ತು. ಇಕ್ಕಳ ಹಿಡಿದವರಿಗೂ, ಸಮ್ಮಟಿಗೆ ಹಿಡಿದವರಿಗೂ, ತಿದಿ ಒತ್ತುವವರಿಗೂ.

ಗಂಡನ ಬಗ್ಗೆ ಅವಳು ಒಂದು ಕೆಟ್ಟ ಮಾತೂ ಆಡಲಿಲ್ಲ. ಅವನಿಗಾಗಿ ಅಳುವುದನ್ನೂ ಬಿಡಲಿಲ್ಲ. ಆದರೆ ಯಾರಾದರೂ ಅವಳ ಕೈ ನೋಡಿ ಇದೇನು ಎಂದು ಕೇಳಿದರೆ, “ನನ್ನ ಗಂಡ ಸುಟ್ಟಿದ್ದು” ಎನ್ನುತ್ತಿದ್ದಳು. ಅಷ್ಟು ಹೇಳಿ ನಿಲ್ಲುತ್ತಿದ್ದಳು. ಕೇಳಿದವರು ಆ ಮಾತಿನ ಮುಂದೆ ಸ್ವಲ್ಪ ಹೊತ್ತು ಇರಬೇಕಾಗುತ್ತಿತ್ತು. ಅವನು ಯಾಕೆ ಹಾಗಿದ್ದ ಎಂದು ಅವರೇ ಕೇಳಿದರೆ ಮಾತ್ರ ಅವನ ಅಪ್ಪನ ಕತೆ ಹೇಳುತ್ತಿದ್ದಳು. ಮೊದಲು ತನ್ನ ಕೈ, ಆಮೇಲೆ ಅವನ ಕತೆ. ಆ ಕ್ರಮವನ್ನು ಸಾಯುವವರೆಗೆ ತಪ್ಪಿಸಲಿಲ್ಲ.

ಅಜ್ಜನವರು ಕತೆಯನ್ನು ಅಲ್ಲಿಗೆ ಬಿಟ್ಟರು. ಬೇಳೆ ಆರಿಸುವುದು ಇನ್ನೂ ಅರ್ಧ ಉಳಿದಿತ್ತು.

ಜಗಲಿಯಲ್ಲಿ ಯಮನಪ್ಪ ಎದ್ದು ನಿಂತ ಸಪ್ಪಳವಾಯಿತು. “ಅಡಿವೆಪ್ಪಾ, ಬಸ್ಸಿನ ವ್ಯಾಳ್ಯಾ ಆತು. ಆಕಿನ್ನ ಕರಿ” ಎಂದ. ಮುಂಜಾನೆಯ ಅಳು ಆ ದನಿಯಲ್ಲಿ ಇರಲಿಲ್ಲ.

ಅಡಿವೆಪ್ಪನ ಕಣ್ಣುಗಳು ತುಂಬಿದ್ದವು. ಎಂದಿನಂತೆ ಅವನು ಕತೆಯ ಅರ್ಧದಿಂದಲೇ ಅಳುತ್ತಿದ್ದ. ಕುಳ ಬಿರಿದು, ಬೆಂಕಿ ಆರಿ, ಮರದ ಕೆಳಗೆ ಒಬ್ಬನೇ ಉಳಿದ ಆ ಮನುಷ್ಯ ಅವನ ಕಣ್ಣ ಮುಂದಿದ್ದ. ಹೆಂಡತಿ ಇಲ್ಲ, ಮಗಳಿಲ್ಲ, ಎದುರಿಗೆ ಸಮ್ಮಟಿಗೆ ಎತ್ತುವವರಿಲ್ಲ. ಅಡಿವೆಪ್ಪ ಮೂಗೊರೆಸಿಕೊಂಡು ಕೇಳಿದ.

“ಅಜ್ಜಾರ, ಆ ಕಮ್ಮಾರ ಮುಂದ ಏನಾದ್ರಿ, ಪಾಪ?”

ಅಜ್ಜನವರು ಮೊರವನ್ನು ಪಕ್ಕಕ್ಕೆ ಸರಿಸಿ, ಆವತ್ತು ಮೊದಲ ಸಲ ಅವನ ಮುಖ ನೋಡಿದರು.

“ನೋಡು ತಮ್ಮಾ, ಮತ್ತ ನೀ ಅವನ ಸುದ್ದೀನ ಕೇಳಿದಿ.”

ಅಡಿವೆಪ್ಪ ಎದ್ದು ಅಕ್ಕನಿದ್ದ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ಜಗಲಿಯಿಂದ ಮತ್ತೆ ಯಮನಪ್ಪನ ಕೂಗು ಬಂದಾಗಲೂ ಅವನು ಓಗೊಡಲಿಲ್ಲ.